ಹಾಯಿದೋಣಿಯಲ್ಲಿ ಹೋಗಿ ಕಂಡ ಗಜನಿ

(ಶಾಲೆಯ ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಅಮೆರಿಕದ ಅನುಭವದ ಬಗ್ಗೆ ಹತ್ತು ನಿಮಿಷ ಮಾತಾಡು ಎಂದು ಮಾಸ್ತರರು ಹೇಳಿದ್ದಾರೆ. ಆಫೀಸಿನ ಕೆಲಸದ ಬಗ್ಗೆ ಹೇಳಿದರೆ ನಿಮಗೆ ನಿದ್ದೆ ಬಂದೀತು. ಅದರ ಬದಲು, ಅಲ್ಲಿ ನಾನು ಹಾಯಿದೋಣಿಯಲ್ಲಿ ಹೋದ ಒಂದು ನೀರಿನ ದಾರಿಯ ಬಗ್ಗೆ ಹೇಳುತ್ತೇನೆ. ಅಘನಾಶಿನಿಯ ದಂಡೆಯಲ್ಲಿ ಬೆಳೆದ ನಮಗೆ ಅದು ತೀರಾ ಹೊಸದು ಅನ್ನಿಸಲಾರದು.

ಅಮೆರಿಕದ ಪೂರ್ವ ಕರಾವಳಿಯಲ್ಲಿ ತೆರೆದ ಸಮುದ್ರಕ್ಕೆ ಇಳಿಯದೆ, ಒಳಗಿಂದೊಳಗೇ ದೋಣಿಯಲ್ಲಿ ಹೋಗುವ ಮಾರ್ಗವಿದೆ. ಹೆಸರು ಅಟ್ಲಾಂಟಿಕ್ ಇಂಟ್ರಾಕೋಸ್ಟಲ್ ವಾಟರ್‌ವೇ. ನದಿ, ಹಿನ್ನೀರು, ಅಳಿವೆಗಳನ್ನು ತೋಡಿದ ಕಾಲುವೆಗಳಿಂದ ಜೋಡಿಸಿದ್ದಾರೆ. ವರ್ಜೀನಿಯಾದ ನಾರ್ಫೋಕ್‌ನಲ್ಲಿ ಸೊನ್ನೆ ಮೈಲು. ಅಲ್ಲಿಂದ ಫ್ಲೋರಿಡಾದವರೆಗೆ ಸಾವಿರಕ್ಕೂ ಹೆಚ್ಚು ಮೈಲು. ಚಳಿ ಶುರುವಾಗುವ ಮುಂಚೆ, ಅಕ್ಟೋಬರ್–ನವೆಂಬರ್‌ನಲ್ಲಿ, ನೂರಾರು ದೋಣಿಗಳು ಹಕ್ಕಿಗಳ ಹಾಗೆ ದಕ್ಷಿಣಕ್ಕೆ ಹೊರಡುತ್ತವೆ. ಸಹೋದ್ಯೋಗಿಯೊಬ್ಬರ ಮೂವತ್ತೆರಡು ಅಡಿ ಉದ್ದದ ದೋಣಿಯಲ್ಲಿ ನಾನೂ ಚಾರ್ಲ್ಸ್‌ಟನ್‌ವರೆಗೆ ಹೋದೆ. ಸುಮಾರು 470 ಮೈಲಿ, ಎರಡು ವಾರದ ಪಯಣ.

ಹಾಯಿದೋಣಿ ಎಂದರೂ ಕಾಲುವೆಯಲ್ಲಿ ಹಾಯಿ ಬಿಚ್ಚಲು ಜಾಗವಿರುವುದಿಲ್ಲ. ಇಂಜಿನ್ ಹಾಕಿಕೊಂಡೇ ಹೋಗಬೇಕು. ವೇಗ ಗಂಟೆಗೆ ಹತ್ತು ಕಿಲೋಮೀಟರ್, ಅಂದರೆ ನಮ್ಮ ಹುಡುಗರ ಸೈಕಲ್ಲಿಗಿಂತ ಕಡಿಮೆ. ಕೆಲವು ಸೇತುವೆಗಳ ಬಳಿ ರೇಡಿಯೊದಲ್ಲಿ ಕೇಳಿಕೊಂಡರೆ, ರಸ್ತೆಯ ವಾಹನಗಳನ್ನೆಲ್ಲ ನಿಲ್ಲಿಸಿ ಸೇತುವೆ ತೆರೆದು ಕೊಡುತ್ತಾರೆ. ಸಂಜೆಯಾದರೆ ಲಂಗರು ಹಾಕುವುದು, ಇಲ್ಲವೆ ಯಾವುದಾದರೂ ಊರಿನ ಧಕ್ಕೆಗೆ ಕಟ್ಟಿ ಪೇಟೆ ತಿರುಗಿ ಬರುವುದು. ಎಲಿಜಬೆತ್ ಸಿಟಿ ಎಂಬ ಊರಲ್ಲಿ ದೋಣಿ ಕಟ್ಟಲು ಬಾಡಿಗೆ ಇಲ್ಲ. ಬಂದವರಿಗೆ ಊರವರು ಗುಲಾಬಿ ಕೊಟ್ಟು ಸ್ವಾಗತಿಸುವ ರೂಢಿ 1983ರಲ್ಲಿ ಅಲ್ಲಿ ಶುರುವಾಯಿತು.

ಆ ಊರಿಗೆ ಮುಟ್ಟುವ ಮುಂಚೆ ನಾವು ದಾಟಿದ್ದು ಡಿಸ್ಮಲ್ ಸ್ವಾಂಪ್ ಕಾಲುವೆ. ದೊಡ್ಡ ಜೌಗು ಕಾಡಿನ ಅಂಚಿನಲ್ಲಿ ದಾರ ಹಿಡಿದು ಗೆರೆ ಎಳೆದ ಹಾಗೆ 22 ಮೈಲು ನೇರ ನೀರು. ಮರದ ತೊಗಟೆ, ಎಲೆಗಳ ಒಗರು ಬಿಟ್ಟು ನೀರಿನ ಬಣ್ಣ ಹಾಲಿಲ್ಲದ ಚಹಾದಂತೆ. ಎರಡೂ ತುದಿಯಲ್ಲಿ ಗೇಟುಗಳಿವೆ. ದೋಣಿಯನ್ನು ಒಳಗೆ ಬಿಟ್ಟುಕೊಂಡು ಬಾಗಿಲು ಮುಚ್ಚಿ, ನೀರು ತುಂಬಿಸಿ ಮೇಲಕ್ಕೆ ಎತ್ತುತ್ತಾರೆ. ಇನ್ನೊಂದು ತುದಿಯಲ್ಲಿ ನೀರು ಬಿಟ್ಟು ಕೆಳಗಿಳಿಸುತ್ತಾರೆ.

ಈ ಕಾಲುವೆಯ ಕೆಲಸ 1793ರಲ್ಲಿ ಶುರುವಾಗಿ 1805ರಲ್ಲಿ ದೋಣಿಗಳಿಗೆ ತೆರೆಯಿತು. ತೋಡಿದವರು ಕರಿಯ ಗುಲಾಮರು. ಒಡೆಯರು ತಮ್ಮ ಆಳುಗಳನ್ನು ಕಾಲುವೆ ಕಂಪನಿಗೆ ಬಾಡಿಗೆಗೆ ಕೊಡುತ್ತಿದ್ದರು. ಕೂಲಿ ಹೋಗುತ್ತಿದ್ದುದು ಒಡೆಯನ ಕೈಗೆ. ತಪ್ಪಿಸಿಕೊಂಡ ಎಷ್ಟೋ ಜನ ಅದೇ ಜೌಗಿನೊಳಗೆ ಅಡಗಿ ಬದುಕಿದರು. ಮೋಸೆಸ್ ಗ್ರ್ಯಾಂಡಿ ಎಂಬ ಗುಲಾಮ ಇದೇ ಕಾಲುವೆಯಲ್ಲಿ ದೋಣಿ ನಡೆಸಿ ದುಡ್ಡು ಕೂಡಿಸಿ ತನ್ನ ಬಿಡುಗಡೆಯ ಬೆಲೆ ಕಟ್ಟಿದ. ಎರಡು ಸಲ ಒಡೆಯರು ಹಣ ತೆಗೆದುಕೊಂಡು ಮೋಸ ಮಾಡಿದರು. ಮೂರನೆಯ ಸಲ ಸ್ವತಂತ್ರನಾದ. 1843ರಲ್ಲಿ ಲಂಡನ್ನಿನಲ್ಲಿ ಅವನ ಆತ್ಮಕಥೆ ಅಚ್ಚಾಯಿತು. ಅವನ ಹೆಸರು ನಮಗೆ ಗೊತ್ತಿರುವುದು ಆ ಪುಸ್ತಕದಿಂದ. ಅವನ ಜೊತೆ ಹುಟ್ಟು ಹಾಕಿದವರ, ಕೆಸರಲ್ಲಿ ನಿಂತು ಮಣ್ಣು ಹೊತ್ತವರ ಹೆಸರುಗಳಲ್ಲಿ ಬಹುಪಾಲು ಮಣ್ಣಿಗೇ ಹೋದವು.

ದಾರಿಯ ಕೊನೆಗೆ, ಸುಮಾರು 400ನೇ ಮೈಲಿಯ ಹತ್ತಿರ, ದಕ್ಷಿಣ ಕ್ಯಾರೊಲೈನಾದ ವಕ್ಕಮಾ ನದಿ ಸಿಗುತ್ತದೆ. ದಂಡೆಯುದ್ದಕ್ಕೂ ಹುಲ್ಲು ಬೆಳೆದ ಬಯಲು. ಆ ಹುಲ್ಲಿನ ನಡುವೆ ಅಲ್ಲಲ್ಲಿ ನೇರವಾದ ಕಾಲುವೆಗಳು, ಕುಸಿದ ಒಡ್ಡುಗಳು. ನೋಡಿದ ಕೂಡಲೇ ನನ್ನ ಬಾಯಿಂದ ಬಂದ ಮಾತು: "ಇದು ಗಜನಿ!" ದೋಣಿಯಲ್ಲಿದ್ದವರಿಗೆ ಅರ್ಥವಾಗಲಿಲ್ಲ. ಆದರೆ ಮಾತು ನಿಜ. ಅವು ಹಳೆಯ ಭತ್ತದ ಗದ್ದೆಗಳು.

ಜಾರ್ಜ್‌ಟೌನ್ ಎಂಬ ಊರಲ್ಲಿ ಇಳಿದು ಅಲ್ಲಿನ ಅಕ್ಕಿ ಮ್ಯೂಸಿಯಂ ನೋಡಿದೆ. ಹೌದು, ಅಕ್ಕಿಗೇ ಒಂದು ಮ್ಯೂಸಿಯಂ. ಉಬ್ಬರ ಬಂದಾಗ ಸಮುದ್ರದ ಉಪ್ಪುನೀರು ಭಾರವಾದ್ದರಿಂದ ತಳದಲ್ಲಿ ನುಗ್ಗುತ್ತದೆ. ನದಿಯ ಸಿಹಿನೀರು ಮೇಲಕ್ಕೇರುತ್ತದೆ. ಆ ಸಿಹಿನೀರನ್ನಷ್ಟೇ ಗದ್ದೆಗೆ ಬಿಟ್ಟುಕೊಳ್ಳಲು ಒಡ್ಡಿನಲ್ಲಿ ಮರದ ಪೆಟ್ಟಿಗೆ ಹುಗಿದು, ಎರಡೂ ಕಡೆ ತೂಗುಬಾಗಿಲು ಇಡುತ್ತಿದ್ದರು. ಹೊರಗಿನ ಬಾಗಿಲು ಎತ್ತಿಟ್ಟರೆ ಉಬ್ಬರದ ನೀರು ಒಳಬಾಗಿಲನ್ನು ತಾನೇ ತಳ್ಳಿ ಒಳಗೆ ಬರುತ್ತದೆ. ಇಳಿತವಾದಾಗ ಗದ್ದೆಯ ನೀರೇ ಒತ್ತಿ ಆ ಬಾಗಿಲು ಮುಚ್ಚುತ್ತದೆ. ಮೋಟಾರಿಲ್ಲ, ಸೆನ್ಸರ್ ಇಲ್ಲ, ಕಂಪ್ಯೂಟರ್ ಪ್ರೋಗ್ರಾಮ್ ಅಂತೂ ಇಲ್ಲವೇ ಇಲ್ಲ. ಬಿಇ ಓದಿದ ನಾನು ಆ ಪೆಟ್ಟಿಗೆಯ ಮಾದರಿಯ ಮುಂದೆ ಬಹಳ ಹೊತ್ತು ನಿಂತೆ.

ಆ ಗದ್ದೆಗಳನ್ನು ಕಟ್ಟಿದವರೂ ಗುಲಾಮರೇ. ಅವರಲ್ಲಿ ಅನೇಕರು ಪಶ್ಚಿಮ ಆಫ್ರಿಕಾದ ಭತ್ತ ಬೆಳೆಯುವ ನಾಡಿನಿಂದ ಹಿಡಿದು ತಂದವರು. ಭತ್ತದ ವಿದ್ಯೆ ಅವರಿಗೆ ಮೊದಲೇ ಗೊತ್ತಿತ್ತು. ಒಡೆಯರು ಶ್ರೀಮಂತರಾದರು, ಅವರ ಬಂಗಲೆಗಳು ಇಂದೂ ಇವೆ. ಅಂತರ್ಯುದ್ಧ ಮುಗಿದು 1865ರಲ್ಲಿ ಗುಲಾಮಗಿರಿ ಹೋಯಿತು. ಆಮೇಲೆ ಚಂಡಮಾರುತಗಳೂ ಹೊಡೆದವು. 20ನೇ ಶತಮಾನ ಶುರುವಾಗಿ ಕೆಲವು ವರ್ಷಗಳಲ್ಲೇ ಅಲ್ಲಿ ಭತ್ತದ ಬೇಸಾಯ ಹೆಚ್ಚುಕಮ್ಮಿ ನಿಂತೇ ಹೋಯಿತು.

ಈಗ ನಮ್ಮ ಊರಿಗೆ ಬರೋಣ. ನಮ್ಮ ಗಜನಿಯನ್ನು ಗುಲಾಮರು ಕಟ್ಟಲಿಲ್ಲ, ಆದರೆ ಕಟ್ಟಿದವರ ಹೆಸರು ಇಲ್ಲಿಯೂ ಯಾವ ಕಲ್ಲಿನ ಮೇಲೂ ಇಲ್ಲ. ಮಳೆಗಾಲದಲ್ಲಿ ಉಪ್ಪು ತಾಳುವ ಕಗ್ಗ ಭತ್ತ, ಕೊಯ್ಲಾದ ಮೇಲೆ ಅದೇ ಗದ್ದೆಯಲ್ಲಿ ಸಿಗಡಿ, ಮೀನು. ಇಂಥ ಜಾಣ ಲೆಕ್ಕ ನಮ್ಮ ಹಿರಿಯರದು. ಒಡ್ಡು ಒಡೆದ ಕಡೆ, ಸಿಗಡಿ ಕೆರೆಗಳಾದ ಕಡೆ ಕಗ್ಗ ಹೋಯಿತು. 2024ರಲ್ಲಿ ಅಘನಾಶಿನಿ ಅಳಿವೆಗೆ ರಾಮ್ಸಾರ್ ಮಾನ್ಯತೆ ಸಿಕ್ಕಿತು, ಸಂತೋಷ. ಆದರೆ ಯಾವ ಮಣ್ಣು ಒಡ್ಡಿಗೆ ಆಗುತ್ತದೆ, ಬಾಗಿಲಿಗೆ ಯಾವ ಮರ, ಅಮಾವಾಸ್ಯೆಯ ಉಬ್ಬರಕ್ಕೆ ಎಷ್ಟು ಎತ್ತರ ಬೇಕು ಎಂಬುದು ಆ ಪಟ್ಟಿಯಲ್ಲಿ ಬರೆದಿಲ್ಲ. ಅದು ಈ ಸಭೆಯಲ್ಲಿ ಕುಳಿತ ಕೆಲವು ಅಜ್ಜ ಅಜ್ಜಿಯರ ತಲೆಯಲ್ಲಿದೆ.

ಅಮೆರಿಕದವರು ಗದ್ದೆ ಸತ್ತ ಮೇಲೆ ಮ್ಯೂಸಿಯಂ ಕಟ್ಟಿದರು. ನಮ್ಮಲ್ಲಿ ಗದ್ದೆ ಇನ್ನೂ ಪೂರ್ತಿ ಸತ್ತಿಲ್ಲ, ಬಲ್ಲವರೂ ಇದ್ದಾರೆ. ಆದ್ದರಿಂದ ಒಂದು ಕೋರಿಕೆ. ಶಾಲೆಯ ಐವತ್ತನೇ ವರ್ಷದ ನೆನಪಿಗೆ, ಒಂಬತ್ತನೇ ತರಗತಿಯ ಮಕ್ಕಳು ಮನೆಮನೆಗೆ ಹೋಗಿ ಕೇಳಿ ಬರೆದುಕೊಳ್ಳಲಿ: ಒಡ್ಡು ಕಟ್ಟಿದ್ದು ಹೇಗೆ, ಬಾಗಿಲು ಕಾದವರು ಯಾರು, ಬೀಜ ಇಟ್ಟವರು ಯಾರು. ಹೆಸರು ಬಿಡಬೇಡಿ, ಮಕ್ಕಳೇ. ಹೆಂಗಸರ ಹೆಸರನ್ನಂತೂ ಬಿಡಲೇಬೇಡಿ. ಅದನ್ನು ಟೈಪ್ ಮಾಡಿ, ಚಿತ್ರ ಸೇರಿಸಿ, ಪುಸ್ತಕ ಮಾಡಿ ಶಾಲೆಯ ಲೈಬ್ರರಿಗೆ ಕೊಡುವ ಕೆಲಸ, ಅದರ ಖರ್ಚು ನಮ್ಮ ಬ್ಯಾಚಿನವರದು. ಈ ಮಾತನ್ನು ಅವರನ್ನು ಕೇಳಿಯೇ ಹೇಳುತ್ತಿದ್ದೇನೆ.