ಅಜ್ಜಿಯ ಮನೆಯಲ್ಲಿ ಬೆಳೆಯುವ ಮಕ್ಕಳು
(ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಭಾಷೆಯ ವಿಷಯವಾಗಿ ಮಾತನಾಡಬಲ್ಲ ವಿದ್ವಾಂಸರು ಈ ವೇದಿಕೆಯ ಮೇಲೆ ಅನೇಕರಿದ್ದಾರೆ. ನಮಗೆ ದೊರೆತಿರುವ ಸ್ವಲ್ಪ ಹೊತ್ತನ್ನು ನಾವು ಬೇರೊಂದು ವಿಷಯಕ್ಕೆ ಮೀಸಲಿಡಬಯಸುತ್ತೇವೆ. ತಂದೆತಾಯಿಗಳ ಬಳಿ ಬೆಳೆಯದೆ, ಅಜ್ಜಿಯ ಮನೆಯಲ್ಲಿಯೋ ಸೋದರಮಾವನ ಮನೆಯಲ್ಲಿಯೋ ದೊಡ್ಡಮ್ಮನ ಮನೆಯಲ್ಲಿಯೋ ಬೆಳೆಯುತ್ತಿರುವ ಮಕ್ಕಳ ವಿಷಯವದು.

ನಮ್ಮ ಸೀಮೆಯಲ್ಲಿ ಇಂಥ ಮಗುವಿಲ್ಲದ ಊರನ್ನು ಹುಡುಕಬೇಕು. ಹೊಸೂರು, ಡೆಂಕಣಿಕೋಟೆ, ತಳಿ, ಬಾಗಲೂರುಗಳ ಕನ್ನಡ ಮನೆತನಗಳು ಆನೇಕಲ್ಲು, ಮಾಲೂರು, ಕನಕಪುರಗಳಿಂದ ಹೆಣ್ಣು ತಂದಿವೆ, ಅಲ್ಲಿಗೆ ಕೊಟ್ಟಿವೆ. 1956ರ ನವೆಂಬರ್ 1ರಂದು ರಾಜ್ಯಗಳ ಎಲ್ಲೆ ಗೊತ್ತಾದಾಗ ಹೊಸೂರು ಸೇಲಂ ಜಿಲ್ಲೆಯೊಡನೆ ಮದರಾಸು ರಾಜ್ಯದಲ್ಲಿ ಉಳಿಯಿತು. 1965ರಲ್ಲಿ ಧರ್ಮಪುರಿ ಜಿಲ್ಲೆಗೂ 2004ರಲ್ಲಿ ಕೃಷ್ಣಗಿರಿ ಜಿಲ್ಲೆಗೂ ಸೇರಿತು. ಬೀಗತನಕ್ಕೆ ಮಾತ್ರ ಯಾರೂ ಗಡಿಕಲ್ಲು ನೆಡಲಿಲ್ಲ. ತಾಯಿ ತೀರಿಕೊಂಡಳೆಂದರೆ ತಿಥಿಯ ದಿನವೇ ಮಗುವಿನ ಬಟ್ಟೆಯ ಗಂಟು ಅತ್ತಿಬೆಲೆಯ ಗಡಿಯನ್ನು ದಾಟಿರುತ್ತದೆ, ಇತ್ತಲಿಂದ ಅತ್ತಲೋ ಅತ್ತಲಿಂದ ಇತ್ತಲೋ.

ಇದು ಇಂದಿನ ಪದ್ಧತಿಯಲ್ಲ. 1876ರಲ್ಲಿ ಮೊದಲಾದ ಧಾತು ಸಂವತ್ಸರದ ಬರ ಸೇಲಂ ಸೀಮೆಯನ್ನು ಬರಿದು ಮಾಡಿತು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಿತು, 1918ರಲ್ಲಿ ಇನ್‌ಫ್ಲುಯೆಂಜಾ ಜ್ವರ. ತಬ್ಬಲಿಗಳಾದ ಮಕ್ಕಳನ್ನು ಆಗ ಉಳಿಸಿದವರು ಬಂಧುಗಳೇ. ಪಾಲಕರ ನೇಮಕದ ಕಾಯಿದೆ 1890ರಲ್ಲಿಯೇ ಬಂದಿತ್ತು ನಿಜ. ಆದರೆ ಮುದ್ದೆಯ ಹಂಚಿಕೆಯಲ್ಲಿ ಒಂದು ತಟ್ಟೆ ಹೆಚ್ಚಿಡಲು ಜಿಲ್ಲಾ ನ್ಯಾಯಾಧೀಶರ ಅಪ್ಪಣೆ ಬೇಕೆಂದು ಯಾವ ಅಜ್ಜಿಗೆ ತಾನೆ ತೋರೀತು? ಹಾಗೆ ತೋರದಿದ್ದುದೇ ಒಳ್ಳೆಯದಾಯಿತು ಎಂದು ನಾವು ನಂಬುತ್ತೇವೆ.

ತೊಡಕು ಹುಟ್ಟುವುದು ಮಗು ಮನೆಯ ಹೊಸ್ತಿಲನ್ನು ದಾಟಿದಾಗ. ತಳಿಯ ಕಡೆಯ ಒಬ್ಬ ಅಜ್ಜಿಯನ್ನು ನಾವು ಬಲ್ಲೆವು. ಮಗಳೂ ಅಳಿಯನೂ ತೀರಿಕೊಂಡ ಮೇಲೆ ಇಬ್ಬರು ಮೊಮ್ಮಕ್ಕಳನ್ನು ಆಕೆಯೇ ಸಾಕುತ್ತಿದ್ದಳು. ಒಂದು ಕಚೇರಿಯಲ್ಲಿ ಆಕೆಯನ್ನು ಕೇಳಿದರಂತೆ: “ಈ ಮಕ್ಕಳು ನಿನ್ನವೆನ್ನುವುದಕ್ಕೆ ಕಾಗದವೆಲ್ಲಿದೆ?” ಆಕೆ ಮಕ್ಕಳಿಬ್ಬರನ್ನೂ ಮುಂದಕ್ಕೆ ತಳ್ಳಿ, “ಇವೇ ಅಲ್ಲವೇನಪ್ಪ ಕಾಗದ?” ಎಂದಳಂತೆ. ನಮಗೆ ಈ ಮಾತನ್ನು ಹೇಳಿ ಆಕೆ ನಕ್ಕಳು. ಆದರೆ ಕೆಲಸವಾಗಲಿಲ್ಲ. ಅರ್ಜಿ ಇದ್ದುದು ತಮಿಳಿನಲ್ಲಿ, ಆಕೆಗೆ ಬರುವುದು ಕನ್ನಡ. ಜಿಲ್ಲಾ ಕಚೇರಿ ಇರುವುದು ಹೊಸೂರಿನಿಂದಲೇ ಸುಮಾರು 50 ಕಿಲೋಮೀಟರು ಆಚೆ, ಕೃಷ್ಣಗಿರಿಯಲ್ಲಿ. ಹೋಗಿಬಂದರೆ ಒಂದು ದಿನದ ಕೂಲಿ ಹೋಯಿತು.

ಕಾನೂನು ಏನನ್ನುತ್ತದೆ? 1956ರ ಹಿಂದೂ ಅಪ್ರಾಪ್ತವಯಸ್ಕರ ಪಾಲಕತ್ವದ ಕಾಯಿದೆಯಲ್ಲಿ ಸಹಜ ಪಾಲಕರು ತಂದೆ ಮತ್ತು ತಾಯಿ. ಅಜ್ಜಿಯ ಹೆಸರು ಅಲ್ಲಿಲ್ಲ. ಸಾಕುತ್ತಿದ್ದೇನೆಂಬ ಒಂದೇ ಕಾರಣದಿಂದ ಮಗುವಿನ ಆಸ್ತಿಯನ್ನು ಮಾರುವ ಅಧಿಕಾರ ಯಾರಿಗೂ ಇಲ್ಲವೆಂದು ಅದೇ ಕಾಯಿದೆಯ 11ನೆಯ ವಿಧಿ ಸಾರುತ್ತದೆ. ಇದನ್ನು ಚಿಕ್ಕಪ್ಪಂದಿರು ಕೇಳಿಸಿಕೊಳ್ಳಬೇಕು! ತಂದೆತಾಯಿಗಳಿಬ್ಬರೂ ಇಲ್ಲದ ಮಗುವನ್ನು ಹಿಂದೂ ದತ್ತಕ ಕಾಯಿದೆಯ ಮೇರೆಗೆ ದತ್ತು ಕೊಡಬೇಕಾದರೂ ಪಾಲಕರು ನ್ಯಾಯಾಲಯದ ಅನುಮತಿಯನ್ನು ಪಡೆಯಬೇಕು. ಮಗುವಿನ ಪಾಲನೆಗಾಗಿ ಪಾಲಕರನ್ನು ನೇಮಿಸಬೇಕೆಂಬ ಅರ್ಜಿಯನ್ನು ಮಗು ವಾಸವಾಗಿರುವ ಜಿಲ್ಲೆಯ ನ್ಯಾಯಾಲಯಕ್ಕೆ ಸಲ್ಲಿಸಬೇಕೇ ಹೊರತು ತಂದೆಯ ಊರಿಗೆ ಓಡಬೇಕಾಗಿಲ್ಲ. ಗಡಿಯವರಾದ ನಮಗೆ ಇದು ತಿಳಿದಿರಲೇಬೇಕಾದ ಸಂಗತಿ.

ಎಲ್ಲರೂ ನ್ಯಾಯಾಲಯಕ್ಕೆ ಹೋಗಿರೆಂದು ನಾವು ಹೇಳುತ್ತಿಲ್ಲ. ಆಸ್ತಿಯಿದ್ದಲ್ಲಿ ಹೋಗಲೇಬೇಕು. ಇಲ್ಲದಿದ್ದಲ್ಲಿ ಜಿಲ್ಲೆಯ ಮಕ್ಕಳ ರಕ್ಷಣಾ ಘಟಕವೂ ಮಕ್ಕಳ ಕಲ್ಯಾಣ ಸಮಿತಿಯೂ ಇವೆ. ಕೇಂದ್ರ ಸರ್ಕಾರದ ವಾತ್ಸಲ್ಯ ಯೋಜನೆಯ 2022ರ ನಿಯಮಗಳಲ್ಲಿ, ಬಂಧುಗಳ ಮನೆಯಲ್ಲಿರುವ ಅನಾಥ ಮಗುವಿಗೆ ತಿಂಗಳಿಗೆ 4,000 ರೂಪಾಯಿಗಳ ಪ್ರಾಯೋಜನೆಗೆ ಅವಕಾಶವಿದೆ. ಹಳ್ಳಿಯಲ್ಲಿ ಆ ಮನೆಯ ವರ್ಷದ ವರಮಾನ 72,000 ರೂಪಾಯಿ ಮೀರಿರಬಾರದು. ಕೊರೋನಾದಲ್ಲಿ ಹೆತ್ತವರನ್ನು ಕಳೆದುಕೊಂಡ ಮಕ್ಕಳಿಗೆ ತಮಿಳುನಾಡು ಸರ್ಕಾರ 2021ರಲ್ಲಿ 5 ಲಕ್ಷ ರೂಪಾಯಿಗಳ ಠೇವಣಿಯನ್ನೂ, ಅವರನ್ನು ಸಾಕುವ ಬಂಧುಗಳಿಗೆ ತಿಂಗಳಿಗೆ 3,000 ರೂಪಾಯಿಗಳನ್ನೂ ಗೊತ್ತುಮಾಡಿತು. ಹಣವಿದೆ, ಕೇಳಲು ಬಾಯಿಲ್ಲ.

ಶಾಲೆಯ ಮಾತು. 2009ರ ಶಿಕ್ಷಣದ ಹಕ್ಕಿನ ಕಾಯಿದೆಯ ಪ್ರಕಾರ ವರ್ಗಾವಣೆ ಪತ್ರ ತಡವಾಯಿತೆಂದು ಮಗುವನ್ನು ಹೊರಗೆ ನಿಲ್ಲಿಸುವಂತಿಲ್ಲ, ಅದು ಬೇರೆ ರಾಜ್ಯದಿಂದ ಬಂದಿದ್ದರೂ ಸರಿಯೆ. ಆದರೆ ಇಲ್ಲಿ 2006ರ ಕಾಯಿದೆಯಿಂದ ತಮಿಳು ಕಡ್ಡಾಯ, ಆಚೆ 2015ರ ಕಾಯಿದೆಯಿಂದ ಕನ್ನಡ ಕಡ್ಡಾಯ. ಐದನೆಯ ತರಗತಿಯಲ್ಲಿ ತಾಯಿಯನ್ನು ಕಳೆದುಕೊಂಡ ಮಗು ಗಡಿ ದಾಟಿದೊಡನೆ ಹೊಸದೊಂದು ಅಕ್ಷರಮಾಲೆಯ ಮುಂದೆ ಕೂರುತ್ತದೆ. ಅದರ ದುಃಖಕ್ಕೆ ಇದೊಂದು ಬೇರೆ!

ಇನ್ನೊಂದು ಮಾತನ್ನು ಹೇಳಲು ನಮಗೆ ಸಂಕೋಚವಿದೆ, ಆದರೂ ಹೇಳಬೇಕು. ಬಂಧುಗಳ ಮನೆಗೆ ಬಂದ ಗಂಡುಹುಡುಗನನ್ನು ಶಾಲೆಗೆ ಕಳುಹಿಸಿ, ಹೆಣ್ಣುಮಗುವಿನ ಕೈಗೆ ಪೊರಕೆ ಕೊಡುವ ಮನೆಗಳಿವೆ. ಬೆಂಗಳೂರಿನ ನೆಂಟರ ಮನೆಗೆ ‘ಓದಲು’ ಹೋದ ಹುಡುಗಿ ಆ ಮನೆಯ ಕೂಸನ್ನು ಎತ್ತಿಕೊಂಡೇ ದೊಡ್ಡವಳಾದದ್ದುಂಟು. ಮೇಲಾಗಿ, ಸೋದರಮಾವನಿಗೆ ಸೊಸೆಯನ್ನು ಕೊಡುವ ವಾಡಿಕೆ ನಮ್ಮಲ್ಲಿದೆ. ಮಾವನ ಮನೆಯಲ್ಲಿ ಬೆಳೆದ ತಬ್ಬಲಿ ಹುಡುಗಿಗೆ ಹದಿನಾಲ್ಕು ತುಂಬುವಷ್ಟರಲ್ಲಿ “ಹೇಗೂ ಈ ಮನೆಯವಳೇ ತಾನೆ” ಎಂಬ ಮಾತು ಹೊರಡುತ್ತದೆ. ಹದಿನೆಂಟರೊಳಗಿನ ಮದುವೆ 2006ರ ಕಾಯಿದೆಯ ಪ್ರಕಾರ ಅಪರಾಧ. ಬೇಡವೆನ್ನಲು ಆ ಹುಡುಗಿಗೆ ಬೇರೆ ತವರು ಯಾವುದಿದೆ? 1098ಕ್ಕೆ ಫೋನು ಮಾಡಬಹುದೆಂಬುದು ಅವಳಿಗೆ ತಿಳಿದಿರಬೇಕು. ಅವಳಿಗಿಂತ ಮೊದಲು ನೆರೆಮನೆಯವರಿಗೆ ತಿಳಿದಿರಬೇಕು.

ಅಧ್ಯಕ್ಷರೇ, ಸಂಘಕ್ಕೆ ನಮ್ಮ ಬಿನ್ನಹ ಚಿಕ್ಕದು. ತಿಂಗಳಿಗೊಂದು ಭಾನುವಾರ ಸಂಘದ ಕೋಣೆಯನ್ನು ಈ ಅಜ್ಜಿಯರಿಗಾಗಿ ತೆರೆದಿಡೋಣ. ತಮಿಳು ಬರೆಯಬಲ್ಲ ನಮ್ಮ ತರುಣರಿಬ್ಬರು ಅರ್ಜಿಗಳನ್ನು ತುಂಬಿಕೊಡಲಿ. ಮರಣಪತ್ರ, ಜನನಪತ್ರ, ಪಡಿತರ ಚೀಟಿಗಳ ನಕಲುಗಳನ್ನು ಜೋಡಿಸಲಿ. ಒಬ್ಬ ವಕೀಲರು ಜೊತೆಗಿರಲಿ. ಕೃಷ್ಣಗಿರಿಗೆ ಹೋಗಬೇಕಾದ ಅರ್ಜಿಗಳನ್ನೆಲ್ಲ ಒಬ್ಬರೇ ಒಮ್ಮೆಗೆ ಒಯ್ಯಬಹುದು. ತಳಿಯ ಅಜ್ಜಿಗೆ ನಾವು ಬರಹೇಳಿದ್ದೇವೆ. ಕೋಣೆಯ ಬೀಗದ ಕೈ ಯಾರ ಬಳಿ ಇರಬೇಕೆಂಬುದನ್ನು ಇಂದಿನ ಸಭೆ ಮುಗಿಯುವುದರೊಳಗೆ ತಿಳಿಸಿದರೆ ಆಕೆಗೆ ದಿನವನ್ನು ಹೇಳಿ ಕಳುಹಿಸುತ್ತೇವೆ.