ಕಡಲ್ಗಳ್ಳರು: ಹಿಡಿದ ಮೇಲೆ ಏನು?

ಮಳೆಯನ್ನೇ ನಂಬಿದ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಈ ಬಯಲುಸೀಮೆಯಲ್ಲಿ, ಐ.ಡಿ.ಹಳ್ಳಿಯ ಈ ಸಮ್ಮೇಳನದಲ್ಲಿ ಕಡಲ್ಗಳ್ಳರ ಮಾತೇಕೆ ಎಂದು ಯಾರಾದರೂ ಕೇಳಿದರೆ ಕಡಲೆಕಾಯಿ ಹೊಲವನ್ನೇ ತೋರಿಸಬಹುದು. ಇಂಥ ಹೊಲಗಳಿಗೆ ಭಾರತದ ರೈತರು ಹಾಕುವ ಪೊಟ್ಯಾಷ್ ಗೊಬ್ಬರ ಬಹುತೇಕ ಪೂರ್ತಿ ಹೊರದೇಶದ್ದು. ಜೋರ್ಡಾನಿನ ಅಕಾಬಾ ಬಂದರಿನಲ್ಲಿ ಅದನ್ನು ತುಂಬಿಕೊಂಡ ಹಡಗು ಕೆಂಪು ಸಮುದ್ರ ಇಳಿದು, ಏಡನ್ ಕೊಲ್ಲಿ ಹಾಯ್ದು ಇತ್ತ ಬರಬೇಕು. ಸೊಮಾಲಿಯಾದ ಕಡಲ್ಗಳ್ಳರು ಹೊಂಚು ಹಾಕುವುದು ಅದೇ ದಾರಿಯಲ್ಲಿ.

ಕನ್ನಡ ಕರಾವಳಿ ಇಂಥವರನ್ನು ಹಿಂದೆಯೇ ಕಂಡಿದೆ. 16ನೇ ಶತಮಾನದ ಆರಂಭದಲ್ಲಿ ಹೊನ್ನಾವರದ ತಿಮ್ಮಯ್ಯ ಹಡಗುಗಳನ್ನು ಕೊಳ್ಳೆ ಹೊಡೆಯುತ್ತಿದ್ದ. ಪೋರ್ಚುಗೀಸರ ಬರಹಗಳಲ್ಲಿ ಅವನು ತಿಮೋಜ. 1510ರಲ್ಲಿ ಗೋವಾ ಹಿಡಿಯಲು ಪೋರ್ಚುಗೀಸ್ ಸೇನಾನಿ ಅಲ್ಬುಕರ್ಕ್‌ಗೆ ನೆರವಾದವನೂ ಅವನೇ. ಆಗ ಕಳ್ಳ ಯಾರು, ನಾಯಕ ಯಾರು ಎಂಬುದು ಆಳುವವರ ಅನುಕೂಲಕ್ಕೆ ಬಿಟ್ಟ ಮಾತಾಗಿತ್ತು. ಈಗ ಅದಕ್ಕೊಂದು ಕಟ್ಟಳೆಯಿದೆ. ಯಾವ ದೇಶದ ಎಲ್ಲೆಗೂ ಸೇರದ ಕಡಲಿನಲ್ಲಿ ಕಡಲ್ಗಳ್ಳರನ್ನು ಯಾವ ದೇಶದ ನೌಕಾಪಡೆಯಾದರೂ ಹಿಡಿಯಬಹುದು, ತನ್ನ ನ್ಯಾಯಾಲಯದಲ್ಲೇ ವಿಚಾರಿಸಬಹುದು ಎನ್ನುತ್ತದೆ 1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದ.

ಹಿಡಿಯುವ ಕೆಲಸವನ್ನು ಭಾರತ ಚೆನ್ನಾಗಿಯೇ ಮಾಡಿತು. 2008ರ ಅಕ್ಟೋಬರ್‌ನಿಂದ ಏಡನ್ ಕೊಲ್ಲಿಯಲ್ಲಿ ನೌಕಾಪಡೆಯ ಪಹರೆ ಶುರುವಾಯಿತು. 2011ರ ಮೊದಲ ತಿಂಗಳುಗಳಲ್ಲಿ ಅರಬ್ಬಿ ಸಮುದ್ರದಲ್ಲಿ ನೂರಕ್ಕೂ ಹೆಚ್ಚು ಕಡಲ್ಗಳ್ಳರು ಸೆರೆಯಾದರು. ಮಾರ್ಚ್‌ನಲ್ಲಿ ವೇಗಾ-5 ಎಂಬ ಒಂದೇ ಮೀನುಗಾರಿಕಾ ಹಡಗಿನ ಕಾರ್ಯಾಚರಣೆಯಲ್ಲಿ 61 ಮಂದಿ ಸಿಕ್ಕರು. ಅವರನ್ನು ಮುಂಬೈಗೆ ತಂದ ಮೇಲೆ ನಿಜವಾದ ತೊಡಕು ಎದುರಾಯಿತು. ಭಾರತೀಯ ದಂಡ ಸಂಹಿತೆಯಲ್ಲಿ ಕಡಲ್ಗಳ್ಳತನವೆಂಬ ಪ್ರತ್ಯೇಕ ಅಪರಾಧವೇ ಇರಲಿಲ್ಲ. ಕೊಲೆ ಯತ್ನ, ಶಸ್ತ್ರಾಸ್ತ್ರ ಕಾಯ್ದೆ ಎಂದು ಬೇರೆ ಬೇರೆ ಕಲಂಗಳನ್ನು ಹುಡುಕಿ ಮೊಕದ್ದಮೆ ಹೂಡಬೇಕಾಯಿತು. ವಿಚಾರಣೆ ವರ್ಷಗಟ್ಟಲೆ ಎಳೆಯಿತು.

ಇತ್ತ ಇವರು ಜೈಲಿನಲ್ಲಿದ್ದರೆ, ಅತ್ತ ಭಾರತದ ನಾವಿಕರು ಸೊಮಾಲಿಯಾದಲ್ಲಿ ಒತ್ತೆಯಾಳುಗಳಾಗಿದ್ದರು. 2010ರ ಸೆಪ್ಟೆಂಬರ್‌ನಲ್ಲಿ ಅಪಹರಣವಾದ ‘ಆಸ್ಫಾಲ್ಟ್ ವೆಂಚರ್’ ಹಡಗಿನಲ್ಲಿದ್ದ 15 ಮಂದಿಯೂ ಭಾರತೀಯರು. ಮರುವರ್ಷದ ಏಪ್ರಿಲ್‌ನಲ್ಲಿ ಒತ್ತೆಹಣ ಸಂದಾಯವಾಯಿತು, ಹಡಗನ್ನೂ ಬಿಟ್ಟರು. ಆದರೆ ತಮ್ಮವರನ್ನು ಭಾರತ ಹಿಡಿದಿಟ್ಟಿದೆ ಎಂಬ ಸೇಡಿಗೆ ಏಳು ನಾವಿಕರನ್ನು ಮಾತ್ರ ಬಿಡಲಿಲ್ಲ. ಅವರು ಬಿಡುಗಡೆಯಾದದ್ದು 2014ರ ಅಕ್ಟೋಬರ್ ಕೊನೆಗೆ. ನಾಲ್ಕು ವರ್ಷ! ಆ ಏಳು ಮನೆಗಳು ಆ ಕಾಲವನ್ನು ಹೇಗೆ ಕಳೆದವೋ.

ಕೊನೆಗೆ 2022ರ ಡಿಸೆಂಬರ್‌ನಲ್ಲಿ ಸಂಸತ್ತು ಕಡಲ್ಗಳ್ಳತನ ತಡೆ ಮಸೂದೆಗೆ ಒಪ್ಪಿಗೆ ಕೊಟ್ಟಿತು. ತಡವಾಯಿತು, ಆದರೂ ಬೇಕಾಗಿದ್ದ ಕಾನೂನು. ಅದಕ್ಕೆ ಬೇಗನೆ ಕೆಲಸವೂ ಬಂತು. 2024ರ ಮಾರ್ಚ್‌ನಲ್ಲಿ ಐಎನ್‌ಎಸ್ ಕೋಲ್ಕತ್ತಾ ಭಾರತದಿಂದ ಸುಮಾರು 2,600 ಕಿ.ಮೀ. ದೂರದಲ್ಲಿ ಕಡಲ್ಗಳ್ಳರು ಅಪಹರಿಸಿದ್ದ ‘ರುಯೆನ್’ ಹಡಗನ್ನು ಅಡ್ಡಗಟ್ಟಿತು. ನೌಕಾ ಕಮಾಂಡೊಗಳು ವಿಮಾನದಿಂದ ಕಡಲಿಗಿಳಿದರು. 40 ಗಂಟೆಗಳ ಕಾರ್ಯಾಚರಣೆಯ ಕೊನೆಗೆ 35 ಕಡಲ್ಗಳ್ಳರು ಶರಣಾದರು, 17 ನಾವಿಕರು ಗಾಯವಿಲ್ಲದೆ ಪಾರಾದರು. ಆರೋಪಿಗಳನ್ನು ಮುಂಬೈ ಪೊಲೀಸರ ವಶಕ್ಕೆ ಒಪ್ಪಿಸಲಾಯಿತು.

ಒಂದೇ ದೇಶ ಇಷ್ಟು ದೊಡ್ಡ ಸಾಗರವನ್ನು ಕಾಯಲಾರದು. ಗುರುಗ್ರಾಮದಲ್ಲಿ 2018ರಲ್ಲಿ ಆರಂಭವಾದ ಕೇಂದ್ರದಲ್ಲಿ ಹಲವು ದೇಶಗಳ ಅಧಿಕಾರಿಗಳು ಕುಳಿತು ಹಡಗುಗಳ ಮಾಹಿತಿ ಹಂಚಿಕೊಳ್ಳುತ್ತಾರೆ. ಬನವಾಸಿಯ ಕದಂಬರ ಹೆಸರು ಹೊತ್ತ ನೌಕಾನೆಲೆಯಿರುವ ಕಾರವಾರದಿಂದ 2025ರ ಏಪ್ರಿಲ್ 5ರಂದು ಐಎನ್‌ಎಸ್ ಸುನಯನಾ ಹೊರಟಾಗ ಅದರಲ್ಲಿ ಕೀನ್ಯಾ, ತಾಂಜಾನಿಯಾ, ಶ್ರೀಲಂಕಾ, ಮಾಲ್ದೀವ್ಸ್ ಸೇರಿ ಒಂಬತ್ತು ದೇಶಗಳ 44 ನಾವಿಕರಿದ್ದರು. ಕರ್ನಾಟಕದ ಬಂದರಿನಿಂದ ಹೊರಟ ಈ ಪಯಣ ಹೆಮ್ಮೆಯದು.

ಹೊಸ ಕಾಯ್ದೆಯಡಿ ವಿಚಾರಣೆಗೆ ಸೆಷನ್ಸ್ ನ್ಯಾಯಾಲಯಗಳನ್ನು ಗೊತ್ತುಪಡಿಸುವ ಅಧಿಕಾರ ಕೇಂದ್ರ ಸರ್ಕಾರಕ್ಕಿದೆ. ನಾಳೆ ಸೆರೆಯಾದವರನ್ನು ಕಾರವಾರಕ್ಕೋ ಮಂಗಳೂರಿಗೋ ತಂದರೆ ಅಲ್ಲಿನ ಪೊಲೀಸರು, ಸರ್ಕಾರಿ ವಕೀಲರು ಸಿದ್ಧರಿರಬೇಕು, ಸೊಮಾಲಿ ಬಲ್ಲ ದುಭಾಷಿಗಳು ಸಿಗಬೇಕು. ಒತ್ತೆಯಾದ ನಾವಿಕನ ಸಂಬಳ ಅವನ ಮನೆಗೆ ತಪ್ಪದೆ ತಲುಪಬೇಕು, ಮನೆಯವರಿಗೆ ಸುದ್ದಿ ಹೇಳುವ ಹೊಣೆ ಒಬ್ಬ ಅಧಿಕಾರಿಯ ಮೇಲಿರಬೇಕು. ಈ ಸಮ್ಮೇಳನದ ನಿರ್ಣಯಗಳಲ್ಲಿ ಇವೆಲ್ಲವೂ ಸೇರಲಿ.