ಊರಿಗೆ ಬಂದ ನಾಯಿ ಯಾರದು?

(ಗ್ರಾಮಸೇವಕರು ಗ್ರಾಮಸಭೆಯಲ್ಲಿ ಮಾಡಿದ ಭಾಷಣ)



ದನಗಳ ಕಿವಿಯೋಲೆಯ ವಿಷಯ ತಮಗೆಲ್ಲ ತಿಳಿದದ್ದೇ. ಹಳದಿ ಬಿಲ್ಲೆ, ಅದರ ಮೇಲೆ 12 ಅಂಕಿ. ಹಸು ಯಾರದು, ಕಾಲುಬಾಯಿ ಜ್ವರದ ಲಸಿಕೆ ಯಾವಾಗ ಹಾಕಿಸಿದೆ ಎಂಬುದನ್ನು ಪಶುವೈದ್ಯರು ಆ ಅಂಕಿಯಿಂದ ತಿಳಿದುಕೊಳ್ಳುತ್ತಾರೆ. ಇಂದು ನಾನು ಹೇಳಬೇಕೆಂದಿರುವುದು ನಾಯಿಯ ಗುರುತಿನ ವಿಷಯ. ನಾಯಿಗಾಗಿ ಸಭೆಯೇ ಎಂದು ಹಿಂದೆ ಕುಳಿತವರು ನಗುತ್ತಿದ್ದೀರಿ. ಪೂರ್ತಿ ಕೇಳಿ, ಆಮೇಲೆ ನಗಬಹುದು.

ರಸ್ತೆಯ ಪಕ್ಕದ ನಮ್ಮ ಊರುಗಳಿಗೆ ಆಗಾಗ ಗುರುತಿಲ್ಲದ ನಾಯಿ ಬರುತ್ತದೆ. ಪಟ್ಟಣದವರ ಕಾರಿನಿಂದ ಇಳಿದು ತಪ್ಪಿಸಿಕೊಂಡದ್ದೋ, ಪಟಾಕಿ ಸದ್ದಿಗೆ ಬೆದರಿ ಓಡಿದ್ದೋ, ಬೇಕೆಂದೇ ಬಿಟ್ಟುಹೋದದ್ದೋ ಯಾರು ಬಲ್ಲರು? ಎರಡು ದಿನ ಹೊಲದ ಬದುವಿನಲ್ಲಿ ಸುತ್ತುತ್ತದೆ. ಮೂರನೆಯ ದಿನ ಯಾರೋ ಹುಚ್ಚುನಾಯಿ ಎನ್ನುತ್ತಾರೆ. ಅಲ್ಲಿಗೆ ಕೋಲು, ಕಲ್ಲು. ಕುರಿಮರಿ ಕಳೆದುಕೊಂಡವರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಹಸಿದು ಹೆದರಿದ ನಾಯಿಯೆಲ್ಲ ಹುಚ್ಚುನಾಯಿಯಲ್ಲ. ಅದನ್ನು ಯಾವುದೋ ಮನೆಯವರು ಹುಡುಕುತ್ತಿರಬಹುದು, ಆ ಮನೆಯ ಗುರುತು ಅದರ ಚರ್ಮದ ಕೆಳಗೇ ಇರಬಹುದು.

ಅದಕ್ಕೆ ಮೈಕ್ರೋಚಿಪ್ ಎಂದು ಹೆಸರು. ದಪ್ಪ ಅಕ್ಕಿಕಾಳಿನಷ್ಟು ಗಾಜಿನ ಕೊಳವೆ, ಉದ್ದ ಸುಮಾರು 12 ಮಿಲಿಮೀಟರು. ಎತ್ತಿಗೆ ಡುಬ್ಬ ಏಳುವ ಜಾಗವಿದೆಯಲ್ಲ, ನಾಯಿಯಲ್ಲಿ ಅದೇ ಜಾಗದಲ್ಲಿ, ಎರಡು ಹೆಗಲೆಲುಬುಗಳ ನಡುವೆ ಸೂಜಿಯಿಂದ ಸೇರಿಸಿರುತ್ತಾರೆ. ಬೆಕ್ಕಿಗೂ ಹಾಗೆಯೇ. ಒಳಗೆ ಬ್ಯಾಟರಿ ಇಲ್ಲ. ಸ್ಕ್ಯಾನರ್ ಎಂಬ ಕೈಯಂತ್ರವನ್ನು ಹತ್ತಿರ ಹಿಡಿದಾಗ ಮಾತ್ರ 15 ಅಂಕಿಯ ಸಂಖ್ಯೆಯನ್ನು ತಿಳಿಸುತ್ತದೆ. ನಾಯಿ ಎಲ್ಲಿದೆ ಎಂದು ದೂರದಿಂದ ತೋರಿಸುವ ಶಕ್ತಿ ಅದಕ್ಕಿಲ್ಲ. ಲಸಿಕೆ ಆಗಿದೆಯೆಂಬುದಕ್ಕೂ ಅದು ಸಾಕ್ಷಿಯಲ್ಲ.

ಕೈಯಿಂದ ಒತ್ತಿ ನೋಡಿ ಚಿಪ್ ಇಲ್ಲವೆಂದು ಹೇಳುವವರನ್ನು ನಂಬಬೇಡಿ. ಬಹಳ ಸಲ ಅದು ಬೆರಳಿಗೆ ಸಿಗುವುದೇ ಇಲ್ಲ. ನಮ್ಮ ಹುಡುಗರು ಮೊಬೈಲು ಹಿಡಿದು ನೋಡುತ್ತಾರೆ, ಅದೂ ವ್ಯರ್ಥ. ಸಾಮಾನ್ಯ ಚಿಪ್ ಓದುವುದು 134.2 ಕಿಲೋಹರ್ಟ್ಸ್ ಅಲೆಯಲ್ಲಿ, ಮೊಬೈಲಿನಲ್ಲಿ ಆ ಅಲೆಯಿಲ್ಲ. ಸ್ಕ್ಯಾನರ್ ಇರುವ ಪಶುವೈದ್ಯರ ಬಳಿಗೇ ಹೋಗಬೇಕು. ಎಲ್ಲ ಆಸ್ಪತ್ರೆಗಳಲ್ಲಿಯೂ ಅದು ಇರುವುದಿಲ್ಲವಾದ್ದರಿಂದ ಮೊದಲು ಫೋನು ಮಾಡಿ ಕೇಳಿಕೊಳ್ಳಿ. ಪಟ್ಟಣದಲ್ಲಿ ಸಾಕುನಾಯಿಗಳನ್ನು ನೋಡುವ ಖಾಸಗಿ ವೈದ್ಯರ ಬಳಿ ಸಿಗುವ ಸಂಭವ ಹೆಚ್ಚು.

ಓದುವ ಕ್ರಮವನ್ನೂ ತಾವು ತಿಳಿದಿರಬೇಕು, ಅವಸರದಲ್ಲಿ ಒಮ್ಮೆ ಹಿಡಿದು ಇಲ್ಲವೆಂದರೆ ಒಪ್ಪಬಾರದು. ಕೊರಳಿನ ಸರಪಳಿ, ಲೋಹದ ಪಟ್ಟಿ ಬಿಚ್ಚಬೇಕು. ಸ್ಕ್ಯಾನರನ್ನು ಮೈಗೆ ತಾಗುವಷ್ಟು ಹತ್ತಿರ ಹಿಡಿದು, ಹೊಲ ಉಳುವಾಗ ಸಾಲು ತಿರುಗಿಸುವಂತೆ, ಕುತ್ತಿಗೆಯಿಂದ ಬೆನ್ನಿನವರೆಗೆ ನಿಧಾನವಾಗಿ ಆಡಿಸಬೇಕು. ಚಿಪ್ ಕೆಲವೊಮ್ಮೆ ಚರ್ಮದಡಿ ಜಾರಿ ಹೆಗಲಿಗೆ, ಮುಂಗಾಲಿನ ಬಳಿಗೆ, ಎದೆಗೆ ಇಳಿದಿರುತ್ತದೆ. ಆದ್ದರಿಂದ ಎರಡೂ ಪಕ್ಕ ನೋಡಬೇಕು. ಮೊದಲ ಸಲ ಸಿಗದಿದ್ದರೆ ಇನ್ನೊಮ್ಮೆ ನೋಡಬೇಕು.

ಸಂಖ್ಯೆ ಸಿಕ್ಕರೆ 15 ಅಂಕಿಯನ್ನೂ ಬರೆದುಕೊಳ್ಳಿ, ಒಂದು ಅಂಕಿ ತಪ್ಪಿದರೂ ಬೇರೆ ನಾಯಿಯಾಯಿತು. ಮೊದಲ ಮೂರು ಅಂಕಿ ದೇಶದ್ದೋ ತಯಾರಕರದ್ದೋ ಆಗಿರುತ್ತದೆ. 356 ಎಂದರೆ ಭಾರತ. 900ರಿಂದ ಮೇಲಿನದಾದರೆ ತಯಾರಕರ ಗುರುತು. ಯಜಮಾನನ ಹೆಸರು, ಫೋನು ಚಿಪ್‌ನಲ್ಲಿ ಇರುವುದಿಲ್ಲ, ನೋಂದಣಿ ದಾಖಲೆಯಲ್ಲಿರುತ್ತದೆ. ಅದನ್ನು ವೈದ್ಯರ ಮೂಲಕ ಹುಡುಕಿಸಬೇಕು. ಬೀದಿನಾಯಿಗೆ ಚಿಪ್ ಎಲ್ಲಿಯದು ಎನ್ನುವವರಿಗೆ ಒಂದು ಮಾತು: 2024ರಲ್ಲಿ ಬೆಂಗಳೂರಿನ ಪಾಲಿಕೆಯವರು ಬೀದಿನಾಯಿಗಳಿಗೂ ಪ್ರಯೋಗಾರ್ಥವಾಗಿ ಹಾಕಲು ಹೊರಟಿದ್ದರು.

ಇನ್ನು ಎಚ್ಚರಿಕೆಯ ಮಾತು. ಜೊಲ್ಲು ಸುರಿಸುತ್ತ, ತೂರಾಡುತ್ತ, ಸಿಕ್ಕಿದ್ದನ್ನೆಲ್ಲ ಕಚ್ಚುವ ನಾಯಿಯ ಹತ್ತಿರ ಚಿಪ್ ನೋಡಲೆಂದು ಯಾರೂ ಹೋಗಬೇಡಿ. ಮಕ್ಕಳನ್ನು ಒಳಗೆ ಕರೆದುಕೊಂಡು ಪಶು ಆಸ್ಪತ್ರೆಗೆ ತಿಳಿಸಿ. ಯಾವ ನಾಯಿ ಕಚ್ಚಿದರೂ ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ಸರ್ಕಾರಿ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಹಾಕಿಸಿಕೊಳ್ಳಿ. ಸುಣ್ಣ, ಖಾರದಪುಡಿ ಬೇಡ. ನಾನು ಓದಿದ್ದು ಬೇಸಾಯದ ಡಿಪ್ಲೊಮಾ, ಆದರೂ ಈ ಮಾತಿನಲ್ಲಿ ಸಂದೇಹವಿಲ್ಲ.

ಮುಧೋಳ ತಳಿಯ ಮರಿ ಕೊಳ್ಳುವವರು ನಮ್ಮಲ್ಲಿದ್ದಾರೆ. ಕಾಗದಪತ್ರವಿದೆಯೆಂದು ಮಾರುವವನು ಹೆಚ್ಚು ಬೆಲೆ ಕೇಳಿದರೆ, ಪತ್ರದಲ್ಲಿ ಚಿಪ್ ಸಂಖ್ಯೆ ಇದೆಯೇ ನೋಡಿ. ಇದ್ದರೆ ದುಡ್ಡು ಕೊಡುವ ಮೊದಲು ಮರಿಯನ್ನು ವೈದ್ಯರ ಮುಂದೆ ನಿಲ್ಲಿಸಿ ಓದಿಸಿ. ಎರಡೂ ಸಂಖ್ಯೆ ಕೂಡದಿದ್ದರೆ ಆ ಪತ್ರ ಆ ಮರಿಯದಲ್ಲ. ಕೂಡಿದರೆ ನೋಂದಣಿಯನ್ನು ನಿಮ್ಮ ಹೆಸರಿಗೆ, ನಿಮ್ಮ ಈಗಿನ ಫೋನಿಗೆ ಬದಲಾಯಿಸಿಕೊಳ್ಳಿ. ಇಲ್ಲವಾದರೆ ನಾಳೆ ನಾಯಿ ತಪ್ಪಿಸಿಕೊಂಡು ಬೇರೆ ಊರಿನಲ್ಲಿ ಸಿಕ್ಕಾಗ ಕರೆ ಹೋಗುವುದು ಮಾರಿದವನಿಗೆ.